ಪಾರ್ಕಿನ್ಸನ್‌ಗೆ ‘ಜೆಲ್ ಚಿಕಿತ್ಸೆ’ ಬಂದಿದೆ ಅಂದರೆ ಏನೇನು ನೋಡಬೇಕು

ಅಂಗಿಯ ಒಂದು ಗುಂಡಿ ಹಾಕಿಕೊಳ್ಳೋಕೆ ಅಪ್ಪ ಐದು ನಿಮಿಷ ಒದ್ದಾಡೋದನ್ನು ನೋಡ್ತಾ ಕೂತಿರುವಾಗ ‘ಮಿದುಳಿನ ನರಕೋಶ ಮತ್ತೆ ಬೆಳೆಸುವ ಜೆಲ್’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ತಪ್ಪಲ್ಲ. ಆದರೆ ದುಡ್ಡು ಕಟ್ಟೋ ಮೊದಲು ಇಷ್ಟು ನೋಡಿ.

ಮೊದಲು ಜೆಲ್‌ನ ಕೆಲಸ ಏನು ಅಂತ ತಿಳ್ಕೊಳ್ಳಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ (ಕೈಕಾಲು ಸರಾಗವಾಗಿ ಆಡೋಕೆ ಬೇಕಾದ ರಾಸಾಯನಿಕ) ತಯಾರಿಸುವ ನರಕೋಶಗಳು ಸಾಯುತ್ತವೆ. ಹೊಸ ಕೋಶಗಳನ್ನು ಸೂಜಿಯಲ್ಲಿ ಮಿದುಳಿಗೆ ಹಾಕಬಹುದು, ಆದರೆ ಹೆಚ್ಚಿನವು ಬದುಕಲ್ಲ. ಅಂಟಿಕೊಳ್ಳೋಕೆ ಆಸರೆ ಇಲ್ಲ, ಪೋಷಣೆ ಸಾಲದು, ಮಿದುಳಿನ ಕಾವಲು ಕೋಶಗಳು ಬೇರೆ ಮುಗಿಬೀಳುತ್ತವೆ. ಅದಕ್ಕೇ ಕೊಲಾಜೆನ್ ಅನ್ನೋ ಪ್ರೋಟೀನಿನ ಜೆಲ್. ತುಪ್ಪಕ್ಕೆ ಪೂರ್ತಿ ಉಲ್ಟಾ ಇದು: ತಣ್ಣಗಿದ್ದಾಗ ನೀರು, ಮೈಯ 37 ಡಿಗ್ರಿ ಬಿಸಿ ತಾಗಿದರೆ ಗಟ್ಟಿ. ಐರ್ಲೆಂಡಿನ ಗಾಲ್ವೇಯ ಸಂಶೋಧಕರು ಇದರೊಳಗೆ ಕೋಶಗಳನ್ನೂ ಜಿಡಿಎನ್‌ಎಫ್ ಅನ್ನೋ ಪೋಷಕ ಪ್ರೋಟೀನನ್ನೂ ಸೇರಿಸಿ ಇಲಿಗಳ ಮಿದುಳಿಗೆ ಹಾಕಿದಾಗ ಜಾಸ್ತಿ ಕೋಶಗಳು ಉಳಿದುಕೊಂಡವು. ಅಂದರೆ ಇಂಥ ಜೆಲ್ ಹೊಸ ನರಕೋಶ ಹುಟ್ಟಿಸಲ್ಲ, ಇಟ್ಟ ಕೋಶವನ್ನು ಕಾಯುತ್ತದೆ.

ಆಮೇಲೆ ಕೇಳಿ: ಪ್ರಯೋಗ ಆಗಿದ್ದು ಇಲಿಗೋ, ಮನುಷ್ಯರಿಗೋ? ಇಲಿಗೆ ವಿಷ ಚುಚ್ಚಿ ಕೆಲವೇ ದಿನಗಳಲ್ಲಿ ಕೋಶ ಸಾಯಿಸುತ್ತಾರೆ. ನಮ್ಮವರಲ್ಲಿ ಅದು ವರ್ಷಗಟ್ಟಲೆ ಆಗಿರುತ್ತದೆ. ಎರಡೂ ಒಂದೇ ಅಲ್ಲ ಅಲ್ವಾ?

ಮನುಷ್ಯರಿಗೇ ಅಂದರೆ, ಹೋಲಿಸೋಕೆ ಇನ್ನೊಂದು ಗುಂಪು ಇತ್ತಾ ಅಂತ ನೋಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಸ್ಫೆರಮೈನ್ ಅಂತ ಒಂದು ಚಿಕಿತ್ಸೆ ಇತ್ತು. ಜೆಲಾಟಿನ್‌ನ ಪುಟ್ಟ ಮಣಿಗಳ ಮೇಲೆ ಕಣ್ಣಿನ ಪರದೆಯ ಕೋಶ ಕೂರಿಸಿ ಮಿದುಳಿಗೆ ಹಾಕೋದು. ಮೊದಲ 6 ರೋಗಿಗಳು ಚೆನ್ನಾಗಿ ಸುಧಾರಿಸಿದರು. ಆಮೇಲೆ 71 ಜನರನ್ನು ಸೇರಿಸಿ, ಅರ್ಧದಷ್ಟು ಜನರಿಗೆ ಕೋಶ ಹಾಕದೆ ಸುಮ್ನೆ ಆಪರೇಷನ್ ಮಾಡಿದ ಹಾಗೆ ಮಾಡಿದರು, ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಆಮೇಲೆ ಪರೀಕ್ಷಿಸಿದ ಡಾಕ್ಟರಿಗೂ ಗೊತ್ತಿಲ್ಲ. 2011ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ ಸುಧಾರಿಸಿದ್ದವು.

ಕೊನೆಗೆ ದುಡ್ಡಿನ ವಿಷಯ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಪ್ರಕಾರ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ಕೇಳುವಂತಿಲ್ಲ. ಯಾರಾದರೂ ಲಕ್ಷಗಳ ‘ಪ್ಯಾಕೇಜ್’ ಹೇಳಿದರೆ ಎದ್ದು ಬನ್ನಿ. ಪ್ರಯೋಗ ಅಂದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ಪಡೆದು, ಆನ್‌ಲೈನ್‌ನಲ್ಲಿ ಹುಡುಕಿ, ನಿಮ್ಮ ನ್ಯೂರಾಲಜಿಸ್ಟ್‌ಗೆ ತೋರಿಸಿ. ಅಲ್ಲಿಯವರೆಗೆ ಅಪ್ಪನ ಲೆವೊಡೋಪ ಮಾತ್ರೆಯನ್ನು ಡಾಕ್ಟರ್ ಹೇಳದೆ ಒಂದು ಹೊತ್ತೂ ತಪ್ಪಿಸಬೇಡಿ.