ಮೊದಲು ಕೈ ತೊಳೆದುಕೊಂಡೆ

ಪಣಂಬೂರಿನಲ್ಲಿ ಗೊಬ್ಬರ ಹೇರಿಕೊಂಡು ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರದ ಮೇಲೆ ಹುಬ್ಬಳ್ಳಿ ಸೇರುವ ಲಾರಿಯವನು ನಾನು. ಏಪ್ರಿಲ್‌ನಲ್ಲಿ ನಮ್ಮ ಸೀಟು ಹೇಗೆ ಕಾಯುತ್ತದೆ, ತೊಡೆಸಂದು ಏನಾಗುತ್ತದೆ ಎಂಬುದನ್ನು ಈ ಲೈನಿನವರಿಗೆ ವಿವರಿಸಬೇಕಾಗಿಲ್ಲ. ಆದರೆ ಶಿಶ್ನದ ತುದಿಯಲ್ಲೂ ವೃಷಣದ ಮೇಲೂ ಚರ್ಮ ಹಾವಿನ ಪೊರೆಯಂತೆ ಸುಲಿಯುತ್ತದೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ನಾನೂ ಎರಡು ವರ್ಷ ಬಿಡಲಿಲ್ಲ. ಅಲ್ಲಿ ಮುಟ್ಟುವ ಮೊದಲು ಕೈ ತೊಳೆದು, ಸೋಪು ಬಿಟ್ಟು ಬರೀ ನೀರಲ್ಲಿ ತೊಳೆಯತೊಡಗಿದ ಮೇಲೆ, ಈಗ ಹತ್ತು ತಿಂಗಳಿಂದ ಒಂದು ಸಿಪ್ಪೆಯೂ ಎದ್ದಿಲ್ಲ. "ಬರೀ ನೀರಿಗೆ ರೋಗ ಹೋಗುತ್ತದೆಯೇ" ಎಂದು ನಕ್ಕವರೇ ಈಗ ಲಾರಿಯ ಹಿಂದೆ ಕರೆದು ಕೇಳುತ್ತಿದ್ದಾರೆ.

ಹಾಳಾದ ದುಡ್ಡಿನ ಲೆಕ್ಕ ಮೊದಲು. ಡಾಬಾ ಪಕ್ಕದ ಔಷಧ ಅಂಗಡಿಯವನು ಜಾಗ ಯಾವುದೆಂದೂ ಕೇಳದೆ ಒಂದು ಟ್ಯೂಬು ಕೊಟ್ಟ. ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ವಾರಕ್ಕೆ ದುಪ್ಪಟ್ಟು. ಮತ್ತೆ ಟ್ಯೂಬು. ಒಂದಕ್ಕೆ ನೂರು ನೂರಿಪ್ಪತ್ತು ರೂಪಾಯಿಯಂತೆ ಎರಡು ವರ್ಷದಲ್ಲಿ ನಲವತ್ತಾದರೂ ಟ್ಯೂಬು ಹಿಂಡಿರಬೇಕು. ಸೋಪು, ಪೌಡರು, ನಾಟಿ ಎಣ್ಣೆ ಸೇರಿದರೆ ಏಳು ಸಾವಿರ ದಾಟುತ್ತದೆ. ಅದರ ಮೇಲೆ ನಾನೇ ಮಾಡಿಕೊಂಡ ಅನಾಹುತ ಬೇರೆ: ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರಾವಣಕ್ಕೆ ನೀರು ಬೆರೆಸದೆ ಹಚ್ಚಿದೆ. ಮೂರನೆಯ ದಿನ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಚರ್ಮ ಬಿಟ್ಟುಕೊಂಡಿತು. ಆ ಸಲ ಕಲಘಟಗಿಯಿಂದ ಹುಬ್ಬಳ್ಳಿಯವರೆಗೆ ಒಂದೇ ಪಕ್ಕಕ್ಕೆ ವಾಲಿ ಕುಳಿತು ಗಾಡಿ ಓಡಿಸಿದ್ದೇನೆ.

ಮನೆಯಲ್ಲಿ ಅದಕ್ಕಿಂತ ದೊಡ್ಡ ಉರಿ. ದಾರಿಯಲ್ಲಿ ಎಲ್ಲಿಂದಲೋ ತಂದ ಕಾಯಿಲೆ ಎಂದು ಹೆಂಡತಿ ಮಾತು ಬಿಟ್ಟಳು. ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದಾಗ ಎಚ್‌ಐವಿ, ಸಿಫಿಲಿಸ್, ಸಕ್ಕರೆ ಎಲ್ಲಕ್ಕೂ ರಕ್ತ ಕೊಟ್ಟೆ. ಎಲ್ಲವೂ ಸರಿಯಾಗಿತ್ತು. ಆ ಕಾಗದ ಇವತ್ತಿಗೂ ನಮ್ಮ ಕಪಾಟಿನಲ್ಲಿದೆ.

ನಾನು ಚಡ್ಡಿ ಇಳಿಸುವ ಮೊದಲೇ ಡಾಕ್ಟರು ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಗ್ರೀಸ್, ಬೆರಳಲ್ಲಿ ಡೀಸೆಲ್ ವಾಸನೆ. "ಕೈ ಯಾವಾಗ ತೊಳೆಯುತ್ತೀರಿ?" "ಮೂತ್ರ ಮಾಡಿದ ಮೇಲೆ." "ಮುಂಚೆ?" ನನ್ನಲ್ಲಿ ಉತ್ತರವಿರಲಿಲ್ಲ. ಟೈರು ಬಿಚ್ಚಿದ ಕೈಯಲ್ಲೇ ಹೋಗುವವರು ನಾವೆಲ್ಲರೂ.

ಅವರು ಹೇಳಿದ ಪ್ರಕಾರ ನನಗಿದ್ದದ್ದು ಎರಡು ಬೇರೆ ತೊಂದರೆಗಳು. ತೊಡೆಸಂದಿಯಲ್ಲಿ ಉಂಗುರದಂತೆ ಹರಡಿದ್ದು ಗಜಕರ್ಣ. ಅದು ಸಾಮಾನ್ಯವಾಗಿ ಶಿಶ್ನ, ವೃಷಣಗಳನ್ನು ಮುಟ್ಟುವುದಿಲ್ಲ. ಶಿಶ್ನ, ವೃಷಣದ ಮೇಲೆ ಸುಲಿಯುತ್ತಿದ್ದದ್ದು ಸೋಪು, ದ್ರಾವಣ, ಡೀಸೆಲ್ ಕೈಗಳ ಪ್ರಸಾದ. ಟ್ಯೂಬಿನಲ್ಲಿದ್ದ ಸ್ಟೀರಾಯ್ಡ್, ಅಂದರೆ ತುರಿಕೆಯನ್ನು ಸದ್ಯಕ್ಕೆ ಅಡಗಿಸುವ ಮದ್ದು, ಎರಡನ್ನೂ ಕೆಡಿಸಿತ್ತು. ಟ್ಯೂಬಿನ ಹಿಂಬದಿ ಓದಲು ನಾನು ಒಂದು ಗುರುತು ಮಾಡಿಕೊಂಡಿದ್ದೇನೆ: ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಎಂದು "ಸಾಲ್", "ಸೋನ್" ಬಂದರೆ ಸ್ಟೀರಾಯ್ಡ್, ಕ್ಲೋಟ್ರಿಮಜೋಲ್ ಎಂದು "ಜೋಲ್" ಬಂದರೆ ಸಾಮಾನ್ಯವಾಗಿ ಗಜಕರ್ಣದ ಮದ್ದು. ನನ್ನ ಟ್ಯೂಬಿನಲ್ಲಿ ಎರಡೂ ಕೂಡಿ ಸಂಸಾರ ಮಾಡುತ್ತಿದ್ದವು.

ತೊಡೆಗೆ ಬರೀ ಜೋಲ್ ಮುಲಾಮು, ಉಂಗುರ ಮಾಸಿದ ಮೇಲೂ ಎರಡು ವಾರ. ಒಟ್ಟು ಒಂದೂವರೆ ತಿಂಗಳು ಹಿಡಿಯಿತು. ಶಿಶ್ನ, ವೃಷಣಕ್ಕೆ ಸೋಪಿಲ್ಲ, ಮದ್ದಿಲ್ಲ. ಉಗುರು ಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸುವುದು, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. (ನಿರೋಧ್ ಬಳಸುವವರು ಜೆಲ್ಲಿಯನ್ನು ಪೂರ್ತಿ ತೊಳೆದುಕೊಳ್ಳಬೇಕು, ಅದು ರಬ್ಬರನ್ನು ಹರಿಯುವಂತೆ ಮಾಡುತ್ತದೆ.) ಮೊದಲ ಹನ್ನೆರಡು ದಿನ ನರಕ. ಸ್ಟೀರಾಯ್ಡ್ ಬಿಟ್ಟದ್ದಕ್ಕೆ ಕೆಂಡದಂತೆ ಕೆಂಪಾಯಿತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಇಲ್ಲವಾದರೆ ನಲವತ್ತೊಂದನೆಯ ಟ್ಯೂಬು ಖಂಡಿತ. ಮೂರನೆಯ ವಾರ ತಿಳಿಯಾಯಿತು. ಫೀಸು, ಪರೀಕ್ಷೆ, ಮುಲಾಮು ಎಲ್ಲ ಸೇರಿ ಸಾವಿರದ ಐನೂರರ ಆಸುಪಾಸು.

ನಡುವೆ ನನ್ನದೇ ಪ್ರಯೋಗಗಳೂ ನಡೆದವು. ಬೇವಿನ ಸೊಪ್ಪಿನ ನೀರು ಉರಿಸಿತು. ಪೌಡರು ಬೆವರಿಗೆ ಸುಣ್ಣದ ಗಾರೆಯಾಯಿತು. ಫಲ ಕೊಟ್ಟದ್ದು ಚಡ್ಡಿಯ ಪ್ರಯೋಗ: ಡಾಬಾದ ಬಕೆಟ್ಟಿನಲ್ಲಿ ಒಂದೇ ನೀರಿಗೆ ಹಿಂಡಿದ ಚಡ್ಡಿ ಒಂದು ವಾರ, ಮೂರು ನೀರಿಗೆ ಜಾಲಿಸಿದ್ದು ಇನ್ನೊಂದು ವಾರ. ಮೊದಲನೆಯದರಲ್ಲಿ ನವೆ, ಎರಡನೆಯದರಲ್ಲಿ ಸುಳಿವೇ ಇಲ್ಲ. ಡಿಟರ್ಜೆಂಟ್ ಬಟ್ಟೆಯಲ್ಲೇ ಉಳಿಯುತ್ತದೆ ಎಂದು ನಾನೇ ಕಂಡುಕೊಂಡೆ, ಡಾಕ್ಟರೂ ತಲೆದೂಗಿದರು.

ನನ್ನ ಜೊತೆಯ ಒಬ್ಬ ಚಾಲಕನಿಗೆ ಇದೇ ಕ್ರಮ ಹತ್ತಲಿಲ್ಲ. ಅವನಿಗೆ ಮುಂದೊಗಲು ಸೀಳಿ, ಒಳಗೆ ಮೊಸರಿನಂತೆ ಬಿಳಿ ಕೂರುತ್ತಿತ್ತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಿದ್ದ. ಅದರಿಂದ ಅಲ್ಲಿ ಶಿಲೀಂಧ್ರ ಸೋಂಕು ಬರುವುದುಂಟು. ತಾನಾಗಿ ಬಿಡಬೇಡ ಎಂದು ಹೇಳಿ ಅವನ ಡಾಕ್ಟರ ಬಳಿಗೇ ಕಳಿಸಿದೆ, ಮಾತ್ರೆ ಬದಲಾಯಿತು. ಹುಣ್ಣು, ಕೀವು, ಹಿಂದಕ್ಕೆ ಸರಿಸಿದ ಮುಂದೊಗಲು ಮುಂದಕ್ಕೆ ಬಾರದೆ ಊತ ಬಂದರಂತೂ ನನ್ನ ಈ ಪುರಾಣ ಓದುತ್ತಾ ಕೂರದೆ ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಸೀಟಿನ ಬಿಸಿಗೆ ನಾನೇ ಒಂದು ಹಾಸು ಮಾಡಿಕೊಂಡಿದ್ದೇನೆ. ಯಾವುದರಿಂದ ಎಂದು ಬರೆಯುವುದಿಲ್ಲ, ನಮ್ಮ ಕ್ಲೀನರ್ ಆಗಲೇ ಎರಡು ಮಾಡಿ ಮಾರಿದ್ದಾನೆ. ಕೈ ತೊಳೆಯಲು ಐದು ಲೀಟರಿನ ಕ್ಯಾನೊಂದನ್ನು ಎಡಬಾಗಿಲ ಹಿಂದೆ ಕಟ್ಟಿದ್ದೇನೆ. ಅರಬೈಲ್ ಇಳಿದ ಮೇಲೆ ಬೇರೆ ಗಾಡಿಯವರೂ ಈಗ ಅದರಲ್ಲೇ ತೊಳೆದುಕೊಂಡು ಹೋಗುತ್ತಾರೆ. ಕ್ಯಾನು ತುಂಬಿಸುವವನು ಮಾತ್ರ ನಾನೊಬ್ಬನೇ.