ಕಾರ್ಯಕ್ರಮ ಇಲ್ಲದ ದಿನಗಳ ಕೆಲಸ: ಸಾಗರದ ಕಲಾಸಂಘದಲ್ಲಿ ನನ್ನ ಅನುಭವ

ಸಾಗರದಂಥ ಊರಲ್ಲಿ ಕಲಾಸಂಘ ಅಂದ ತಕ್ಷಣ ಜನ ಕೇಳುವುದು, ಈ ವರ್ಷ ಎಷ್ಟು ಕಾರ್ಯಕ್ರಮ ಮಾಡ್ತೀರಿ ಅಂತ. ಕಾರ್ಯದರ್ಶಿಯಾಗಿ ಹಲವು ವರ್ಷ ಓಡಾಡಿದ ಮೇಲೆ ನನಗೆ ಅನಿಸಿರುವುದು ಬೇರೆ. ಕಾರ್ಯಕ್ರಮ ಮಾಡುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲಾವಿದರಿಗೆ ಯಾರೂ ಇಲ್ಲದ ಹಾಗಾಗುವುದು ಎರಡು ಕಾರ್ಯಕ್ರಮಗಳ ನಡುವಿನ ದಿನಗಳಲ್ಲಿ. ತಾಲೀಮಿಗೆ ಒಂದು ಜಾಗ, ಅರ್ಜಿ ತುಂಬಿಕೊಡಲು ಒಬ್ಬರು, ಬಾಡಿಗೆ ಇಲ್ಲದೆ ಸಿಗುವ ಒಂದಷ್ಟು ಲೈಟು, ಆಡಿದ ಮರುದಿನವೇ ಕೈಗೆ ಬರುವ ಗೌರವಧನ. ಸಂಘದ ಅಸಲಿ ಕೆಲಸ ಇದು ಅಂತ ನಾನು ನಂಬಿದ್ದೇನೆ. ಅದನ್ನು ಹೇಗೆ ಮಾಡುತ್ತಿದ್ದೇವೆ ಅಂತ ಹೇಳುತ್ತೇನೆ. ಬೇರೆ ಊರಿನವರಿಗೂ ಉಪಯೋಗ ಆಗಬಹುದು.

ನಾಟಕದ ಮಟ್ಟಿಗೆ ನಾವು ಪುಣ್ಯವಂತರು. ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಅನ್ನುವ ನಾಟಕ ಸಂಸ್ಥೆ ಇದೆ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಿಂದ ಊರೂರು ಸುತ್ತಿ ನಾಟಕ ಆಡುವ ಅವರ ತಂಡ, ತಿರುಗಾಟ. ಕೆ.ವಿ. ಸುಬ್ಬಣ್ಣನವರು ಒಂದು ಹಳ್ಳಿಯಲ್ಲಿ ಕೂತು ಕಟ್ಟಿದ್ದನ್ನು ನೋಡಿಕೊಂಡೇ ಬೆಳೆದವರು ನಾವು. ಹಾಗಾಗಿ ನಾಟಕ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಸಾಗರ ಅಂದರೆ ನಾಟಕ ಮಾತ್ರ ಅಲ್ಲವಲ್ಲ. ಗಂಧ ಕೆತ್ತುವ ಗುಡಿಗಾರರು ಇದ್ದಾರೆ, ಸುತ್ತಲ ಹಳ್ಳಿಗಳಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರು ಇದ್ದಾರೆ, ಡೊಳ್ಳಿನ ತಂಡಗಳಿವೆ, ಯಕ್ಷಗಾನ ಇದೆ, ತಾಳಮದ್ದಲೆ ಇದೆ. ಇವರೆಲ್ಲ ಒಂದೇ ತಾಲ್ಲೂಕಿನವರು, ಆದರೂ ಒಬ್ಬರಿಗೊಬ್ಬರ ಪರಿಚಯ ಅಷ್ಟಕ್ಕಷ್ಟೆ. ನಾವು ಮೊದಲು ಮಾಡಿದ್ದು ಒಂದು ಪುಸ್ತಕ ಇಟ್ಟು ಯಾರು ಎಲ್ಲಿದ್ದಾರೆ, ಏನು ಮಾಡುತ್ತಾರೆ, ಫೋನ್ ಯಾವುದು ಅಂತ ಬರೆದುಕೊಂಡಿದ್ದು. ಸುಮ್ನೆ ಒಂದು ರೂಲ್ಡ್ ಪುಸ್ತಕ. ಈಗಲೂ ಸಂಘದಲ್ಲಿ ಜಾಸ್ತಿ ಕೈಗೆ ಬರುವುದು ಅದೇ.

ಆ ಪುಸ್ತಕ ಹಿಡಿದು ಹಳ್ಳಿಗೆ ಹೋದಾಗ ಗೊತ್ತಾಗಿದ್ದು ದಾಖಲೆಯ ಕಷ್ಟ. ಚಿತ್ತಾರ ಬರೆಯುವ ಒಬ್ಬ ಅಜ್ಜಿಗೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿಸೋಣ ಅಂತ ಹೋಗಿದ್ದೆವು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ರುಬ್ಬಿದ ಬಿಳಿ, ಪುಂಡಿ ನಾರಿನ ಕುಂಚ. ಕಣ್ಣಳತೆಯಲ್ಲೇ ಎಳೆಯುತ್ತಾರೆ, ಸ್ಕೇಲು ಇಲ್ಲ, ಪೆನ್ಸಿಲ್ ಗುರುತಿಲ್ಲ, ಒಂದು ಎಳೆ ಇನ್ನೊಂದಕ್ಕೆ ತಾಗುವುದಿಲ್ಲ. ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಸಿಕೊಳ್ಳಲು ಸುತ್ತಲ ಮನೆಯವರು ಅವರ ಹತ್ತಿರವೇ ಬರುವುದು. ಇಷ್ಟು ವರ್ಷದಿಂದ ಕಲೆ ಮಾಡುತ್ತಿದ್ದೀರಿ ಅನ್ನುವುದಕ್ಕೆ ಏನಾದರೂ ಕಾಗದ ಇದೆಯಾ ಅಮ್ಮಾ ಅಂತ ಕೇಳಿದೆ. "ಗೋಡೆ ಬರ್ದಿದ್ದಕ್ಕೆ ಯಾರು ಸರ್ಟಿಫಿಕೇಟ್ ಕೊಡ್ತಾರೆ ತಮ್ಮಾ?" ಅಂದರು. ಅವರು ಕೇಳಿದ್ದು ಸರಿ ಅಲ್ವಾ? ಮದುವೆ ಮನೆಯ ಹಸೆ ಗೋಡೆಗೆ ಕರಪತ್ರ ಯಾರು ಅಚ್ಚು ಹಾಕಿಸುತ್ತಾರೆ? ವೇದಿಕೆ ಹತ್ತಿದವರಿಗೆ ಕಾಗದ ಸಿಗುತ್ತದೆ. ಅಂಗಳದಲ್ಲಿ ಕೂತು ಜೀವನ ಪೂರ್ತಿ ಬರೆದವರಿಗೆ ಏನೂ ಸಿಗುವುದಿಲ್ಲ. ನನಗೆ ತುಂಬ ನೋವಾಗಿದ್ದು ಅಲ್ಲೇ.

ಅವತ್ತಿಂದ ನಮ್ಮ ಸಂಘದಲ್ಲಿ ಒಂದು ನಿಯಮ ಇದೆ. ಎಷ್ಟೇ ಸಣ್ಣ ಕಾರ್ಯಕ್ರಮ ಇರಲಿ, ಆಮಂತ್ರಣದಲ್ಲಿ "ಮತ್ತು ತಂಡದವರಿಂದ" ಅಂತ ಅಚ್ಚಾಗುವ ಹಾಗಿಲ್ಲ. ಡೊಳ್ಳು ಬಾರಿಸುವ ಪ್ರತಿಯೊಬ್ಬರ ಪೂರ್ತಿ ಹೆಸರು, ತಂದೆಯ ಹೆಸರು, ಊರು. ಆಧಾರ್‌ನಲ್ಲಿ ಇದ್ದ ಹಾಗೇ ಕಾಗುಣಿತ, ಇಲ್ಲದಿದ್ದರೆ ಕಚೇರಿಯಲ್ಲಿ ಆ ವ್ಯಕ್ತಿ ಬೇರೆ, ಈ ವ್ಯಕ್ತಿ ಬೇರೆ ಅನ್ನುತ್ತಾರೆ. ತಾರೀಖು ಕಾಣುವ ಬ್ಯಾನರ್ ಮುಂದೆ ಒಂದು ಫೋಟೋ. ಮರುವಾರ ಪತ್ರಿಕೆಯಲ್ಲಿ ಬಂದ ಸುದ್ದಿಯ ಕತ್ತರಿಕೆ. ಎಲ್ಲದರ ಒಂದು ಪ್ರತಿ ಕಲಾವಿದರ ಕೈಗೆ, ಒಂದು ನಮ್ಮ ಕಡತಕ್ಕೆ. ಚಿತ್ತಾರದವರಿಗೆ ಶಾಲೆಗಳಲ್ಲಿ ಪ್ರಾತ್ಯಕ್ಷಿಕೆ ಇಟ್ಟು, ಮುಖ್ಯ ಶಿಕ್ಷಕರಿಂದ ಸೀಲು ಹಾಕಿದ ಪತ್ರ ಬರೆಸಿಕೊಳ್ಳುತ್ತೇವೆ. ಕೆಲವರು ಇದನ್ನು ಗುಮಾಸ್ತಿಕೆ ಅನ್ನುತ್ತಾರೆ. ಅನ್ನಲಿ. ಮುಂದೆ ಅರ್ಜಿ ಹಾಕುವ ದಿನ ಆ ಕಾಗದವೇ ಅವರ ಪರವಾಗಿ ಮಾತಾಡುವುದು.

ಯಾವ ಬಾಗಿಲು ತಟ್ಟಬೇಕು ಅನ್ನುವುದೂ ಗೊತ್ತಿರಬೇಕು. ನಾಟಕಕ್ಕೆ ನಾಟಕ ಅಕಾಡೆಮಿ, ಡೊಳ್ಳು ಚಿತ್ತಾರಕ್ಕೆ ಜಾನಪದ ಅಕಾಡೆಮಿ, ಯಕ್ಷಗಾನಕ್ಕೆ ಅದರದ್ದೇ ಅಕಾಡೆಮಿ, ಕೆತ್ತನೆಯವರಿಗೆ ಶಿಲ್ಪಕಲಾ ಅಕಾಡೆಮಿ. ಮಾಸಾಶನ, ಸಂಘಗಳ ಧನಸಹಾಯ ಇವೆಲ್ಲ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದ್ದು. ಧನಸಹಾಯದ ಅರ್ಜಿ ಈಗ ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾಸಿಂಧುವಿನಲ್ಲಿ ಹಾಕಬೇಕು. ಹಾರ್ಮೋನಿಯಂ ನುಡಿಸುವವರಿಗೆ ಪಿಡಿಎಫ್ ಸೈಜು ಕಮ್ಮಿ ಮಾಡಲು ಬರಬೇಕು ಅಂತ ಏನೂ ಇಲ್ಲ, ಅದಕ್ಕೆ ನಾವಿದ್ದೇವೆ. ಅರ್ಜಿ ಕರೆದಾಗ ಸಂಜೆ ಹೊತ್ತು ಒಂದು ಲ್ಯಾಪ್‌ಟಾಪು, ಒಂದು ಸ್ಕ್ಯಾನರು ಇಟ್ಟುಕೊಂಡು ಕೂರುತ್ತೇವೆ. ನಮ್ಮ ಸದಸ್ಯರಿಗೆ ಮಾತ್ರ ಅಂತ ಇಲ್ಲ, ಬೇರೆ ತಂಡದವರು ಬಂದರೂ ಮಾಡಿಕೊಡುತ್ತೇವೆ.

ಸಂಘದ ಲೆಕ್ಕದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ, ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆ. ಇದು ತಪ್ಪಿದರೆ ಯಾವ ಧನಸಹಾಯವೂ ಹತ್ತಿರ ಬರುವುದಿಲ್ಲ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಲಿ ಅಂತ ಆದಾಯ ತೆರಿಗೆಯ 80ಜಿ ನೋಂದಣಿ ಮಾಡಿಸಿಕೊಂಡೆವು. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಆ ವಿನಾಯಿತಿ ಇಲ್ಲ ಅಂತ ಮೊದಲೇ ಹೇಳುತ್ತೇವೆ, ಚೆಕ್ಕು ಅಥವಾ ಯುಪಿಐ ಮಾಡಿ ಅನ್ನುತ್ತೇವೆ. ಸರ್ಕಾರದ ದುಡ್ಡನ್ನೇ ನಂಬಿ ಮಾತ್ರ ವರ್ಷದ ಯೋಜನೆ ಹಾಕಬೇಡಿ. ಅದು ಮಂಜೂರಾಗಿ ಬರುವಾಗ ಬರಲಿ. ನಮ್ಮ ಕೈಯಲ್ಲಿರುವುದು ಊರಿನ ಅಂಗಡಿಯವರು, ಅಡಿಕೆ ಬೆಳೆಗಾರರು, ನಿವೃತ್ತ ಮೇಷ್ಟ್ರುಗಳು ಕೊಡುವ ಸಣ್ಣ ಸಣ್ಣ ಮೊತ್ತ. ಅದರಲ್ಲಿ ಮೊದಲ ಪಾಲು ಗೌರವಧನಕ್ಕೆ ಎತ್ತಿಡುತ್ತೇವೆ. ಶಾಮಿಯಾನದವರಿಗೆ, ಮೈಕಿನವರಿಗೆ, ಊಟದವರಿಗೆ ಕೊಟ್ಟು ಉಳಿದದ್ದು ಕಲಾವಿದರಿಗೆ ಅನ್ನುವ ರೂಢಿ ಎಲ್ಲ ಕಡೆ ಇದೆ, ಅದನ್ನು ನಾವು ತಲೆಕೆಳಗು ಮಾಡಿದ್ದೇವೆ. ಶಾಲು ಹಾರ ಬಿಟ್ಟಿದ್ದೇವೆ, ಆ ದುಡ್ಡೂ ಗೌರವಧನಕ್ಕೇ ಹೋಗುತ್ತದೆ.

ಇನ್ನು ಯಾವಾಗ ಏನು ಮಾಡಬೇಕು ಅನ್ನುವುದು. ಮಲೆನಾಡಿನಲ್ಲಿ ಇದನ್ನು ಮಳೆ ಮತ್ತು ಅಡಿಕೆ ತೀರ್ಮಾನ ಮಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಏನೂ ಆಗುವುದಿಲ್ಲ. ಆಗ ತಾಳಮದ್ದಲೆ. ವೇಷ ಬೇಡ, ರಂಗಸಜ್ಜಿಕೆ ಬೇಡ, ಭಾಗವತರು, ಮದ್ದಳೆ, ಪಾತ್ರಗಳ ಮಾತನ್ನು ಹೇಳುವ ನಾಲ್ಕೈದು ಜನ ಅರ್ಥಧಾರಿಗಳು ಒಂದು ಜಗಲಿಯಲ್ಲಿ ಕೂತರೆ ಆಯಿತು. ಖರ್ಚು ಕಮ್ಮಿ, ಮಾತಿನ ರುಚಿ ಜಾಸ್ತಿ. ಕಾಲೇಜು ಹುಡುಗರನ್ನು ಅರ್ಥಕ್ಕೆ ಕೂರಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಕೊಯ್ಲು ಶುರುವಾದ ಮೇಲೆ ಯಾರನ್ನೂ ತಾಲೀಮಿಗೆ ಕರೆಯುವ ಹಾಗಿಲ್ಲ, ಬೆಳಿಗ್ಗೆಯಿಂದ ಕೊಯ್ಲು, ರಾತ್ರಿಯಾದರೂ ಸುಲಿಯುವ ಕೆಲಸ. ದೇಣಿಗೆ ಕೇಳಲು ಹೋಗುವುದು ಫಸಲು ಮಾರಿದ ಮೇಲೆ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ನಮ್ಮದೇ ಅಂತ ಏನೂ ಇಟ್ಟುಕೊಳ್ಳದೆ, ನಮ್ಮ ತಂಡಗಳಿಗೆ ಅಲ್ಲಿ ಅವಕಾಶ ಕೇಳುತ್ತೇವೆ. ಬಯಲಾಟಕ್ಕೆ, ಅಂದರೆ ಬಯಲಲ್ಲಿ ಆಡುವ ಯಕ್ಷಗಾನಕ್ಕೆ, ಇನ್ನೊಂದು ತೊಡಕಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಾಗಾಗಿ ನಮ್ಮಲ್ಲಿ ಆಟ ಸಂಜೆಯೇ ಶುರು, ಕಾಲಮಿತಿ. ಇಡೀ ರಾತ್ರಿ ಆಟ ನೋಡಿದ ಹಿರಿಯರಿಗೆ ಇದು ಒಪ್ಪಿಗೆ ಆಗುವುದಿಲ್ಲ, ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳು ನಿದ್ದೆ ಹೋಗದೆ ಕೊನೆಯವರೆಗೂ ಕೂತು ನೋಡುವುದನ್ನು ಕಂಡ ಮೇಲೆ ನಾನು ಕಾಲಮಿತಿಯ ಪರ.

ಲೈಟಿನ ವಿಷಯ. ತಂಡವೊಂದು ಎಲ್‌ಇಡಿ ಪಾರ್ ಲೈಟು, ಸ್ಪಾಟು, ಡಿಮ್ಮರು ಬಾಡಿಗೆಗೆ ತಂದರೆ ಅರ್ಧ ಬಜೆಟ್ಟು ಅಲ್ಲೇ ಖಾಲಿ. ನಾವು ಸ್ವಲ್ಪ ಸ್ವಲ್ಪವೇ ಕೂಡಿಸಿ ಒಂದು ಸೆಟ್ ಮಾಡಿಕೊಂಡೆವು. ಅದು ಒಂದು ಕಬ್ಬಿಣದ ಟ್ರಂಕಿನಲ್ಲಿ ಇರುತ್ತದೆ. ಮುಚ್ಚಳದ ಒಳಗೆ ಸಾಮಾನಿನ ಪಟ್ಟಿ ಅಂಟಿಸಿದೆ. ಎಷ್ಟು ಕೇಬಲ್ಲು, ಎಷ್ಟು ಕ್ಲಾಂಪು, ಯಾವುದರ ಪಿನ್ನು ಸಡಿಲ ಅನ್ನುವುದೂ ಅದರಲ್ಲಿದೆ. ಒಯ್ಯುವವರು ಎಣಿಸಿ ಸಹಿ ಹಾಕಿ ಒಯ್ಯಬೇಕು, ತರುವಾಗ ಎಣಿಸಿ ಕೊಡಬೇಕು. ಬಾಡಿಗೆ ಇಲ್ಲ. ಬದಲಿಗೆ ಒಂದು ಷರತ್ತು ಇದೆ, ಲೈಟು ಕಟ್ಟುವಾಗ ಹೊಸ ಹುಡುಗನನ್ನೋ ಹುಡುಗಿಯನ್ನೋ ಜತೆಗೆ ಸೇರಿಸಿಕೊಂಡು ಕಲಿಸಬೇಕು. ಹೀಗೆ ಕಲಿತ ಇಬ್ಬರು ಹುಡುಗಿಯರು ಈಗ ಸುತ್ತಮುತ್ತಲ ನಾಟಕಗಳಿಗೆ ಬೆಳಕು ಮಾಡುತ್ತಾರೆ. ನನಗೆ ಅದೇ ದೊಡ್ಡ ಖುಷಿ.

ಗುಡಿಗಾರರ ವಿಷಯದಲ್ಲಿ ಸಂಘದಿಂದ ಆಗುವುದು ಕಮ್ಮಿ. ಗಂಧದ ತುಂಡು ಅಂಗಡಿಗೆ ಹೋಗಿ ತರುವ ಸಾಮಾನಲ್ಲ, ಮಾರಾಟದ ಮೇಲೆ ಸರ್ಕಾರದ ಹಿಡಿತ ಇದೆ. ಅದನ್ನು ಸಂಘ ಬದಲಾಯಿಸಲಾಗದು. ಆದರೆ ಅವರಲ್ಲಿ ಬೆಂಡಿನ, ಅಂದರೆ ಗಿಡದ ಹಗುರ ತಿರುಳಿನ, ಕೆಲಸವೂ ಇದೆ, ಮದುವೆಯ ಬಾಸಿಂಗ ಮಾಡುವುದು ಅವರೇ. ನಾಟಕದ ಕಿರೀಟ, ಆಭರಣಗಳಿಗೆ ತಂಡದವರು ಥರ್ಮಾಕೋಲ್ ಕತ್ತರಿಸುತ್ತಿದ್ದರು. ಅವರನ್ನು ಒಬ್ಬ ಗುಡಿಗಾರರ ಮನೆಗೆ ಕರೆದುಕೊಂಡು ಹೋದೆವು, ಅಷ್ಟೇ. ಮುಂದಿನದ್ದನ್ನು ಅವರವರೇ ಮಾತಾಡಿಕೊಂಡರು. ಈಗ ಬೇಸಿಗೆಯ ಮಕ್ಕಳ ಶಿಬಿರದಲ್ಲಿ ಬೆಂಡಿನ ಕೆಲಸಕ್ಕೆ ಅಂತಲೇ ಒಂದು ಹೊತ್ತು ಇಟ್ಟಿದ್ದೇವೆ, ಸಂಭಾವನೆ ನಾಟಕದ ನಿರ್ದೇಶಕರಿಗೆ ಎಷ್ಟೋ ಅವರಿಗೂ ಅಷ್ಟೆ.

ಇನ್ನೂ ಆಗದೆ ಉಳಿದಿರುವುದು ತಾಲೀಮಿನ ಜಾಗ. ಈಗ ಒಬ್ಬ ಸದಸ್ಯರ ಅಡಿಕೆ ಗೋದಾಮಿನಲ್ಲಿ ಮಾಡುತ್ತಿದ್ದೇವೆ, ಫಸಲು ಬಂದಾಗ ಬಿಟ್ಟುಕೊಡಬೇಕು. ಮಕ್ಕಳು ಕಮ್ಮಿಯಾಗಿ ಮುಚ್ಚಿದ ಒಂದು ಶಾಲೆಯ ಕೊಠಡಿ ಇದೆ, ಮಾಡು ಗಟ್ಟಿ ಇದೆ, ಕರೆಂಟೂ ಇದೆ. ಅದನ್ನು ಸಂಜೆ ಹೊತ್ತಿಗೆ ಮಾತ್ರ ಕೊಡಿ ಅಂತ ಕೇಳಿದ್ದೇವೆ. ಮಳೆಗಾಲದ ಒಳಗೆ ಸಿಕ್ಕರೆ ಈ ಸಲದ ತಾಳಮದ್ದಲೆ ಅಲ್ಲೇ.