ಮೊದಲ ಟ್ರ್ಯಾಕ್ ಡೇಗೆ ಬೈಕ್, ಗೇರ್, ಮೈ ಸಿದ್ಧ ಮಾಡಿಕೊಳ್ಳುವ ಬಗೆ

ಟ್ರ್ಯಾಕ್ ಡೇ ಎಂದರೆ ಪೈಪೋಟಿಯಿಲ್ಲದೆ ನಮ್ಮದೇ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಮೊದಲ ಸಲ ಟ್ರ್ಯಾಕಿಗೆ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಸೈಲೆನ್ಸರ್ ವಿಷಯ, ಆಮೇಲೆ ಮೊಣಕಾಲು ನೆಲಕ್ಕೆ ತಾಗಿಸುವ ವಿಷಯ. ಗಾಳಿ ಎಷ್ಟಿರಬೇಕು, ಬ್ರೇಕ್ ಆಯಿಲ್ ಎಷ್ಟು ಹಳೆಯದಾದರೆ ಬದಲಿಸಬೇಕು ಎಂದು ಕೇಳುವವರು ಅಪರೂಪ. ಆದರೆ ಹೊಸಬರ ದಿನ ಮಧ್ಯಾಹ್ನಕ್ಕೇ ಮುಗಿದುಹೋಗುವುದು ಹೆಚ್ಚಾಗಿ ಈ ಮೂರರಿಂದ: ಟಯರ್, ಬ್ರೇಕ್, ಬಿಸಿಲು. ಎಂಜಿನ್ನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಆ ದುಡ್ಡನ್ನು ಈ ಮೂರಕ್ಕೆ ಹಾಕಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನಿಂದ ಹೋಗುವವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್ ಚೆನ್ನೈ ಹೆದ್ದಾರಿಯಲ್ಲಿ, ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಒಂದು ಸುತ್ತು ಸುಮಾರು 3.7 ಕಿಲೋಮೀಟರ್, 12 ತಿರುವು. ಕೊಯಮತ್ತೂರಿನ ಹತ್ತಿರದ ಕರಿ ಮೋಟರ್ ಸ್ಪೀಡ್‌ವೇ ಚಿಕ್ಕದು, ಸುಮಾರು 2.1 ಕಿಲೋಮೀಟರ್, 150, 200 ಸಿಸಿ ಬೈಕಿಗೆ ಅದು ತುಂಬ ಒಪ್ಪುತ್ತದೆ. ಕೆಳಗೆ ಹೇಳುವ ಲೆಕ್ಕವೆಲ್ಲ ರಸ್ತೆ ಟಯರ್ ಹಾಕಿರುವ 300–400 ಸಿಸಿ ಬೈಕಿನದು. ಕೆಟಿಎಂ 390, ಅಪಾಚೆ 310 ಇಟ್ಟುಕೊಂಡವರಿಗೆ ನೇರವಾಗಿ ಅನ್ವಯಿಸುತ್ತದೆ.

ಸರ್ವಿಸ್ ಎರಡು ವಾರ ಮೊದಲೇ ಆಗಿರಬೇಕು, ಹಿಂದಿನ ದಿನ ಅಲ್ಲ. ಆಯಿಲ್, ಫಿಲ್ಟರ್ ಬದಲಿಸಿದ ಮೇಲೆ ಕನಿಷ್ಠ ನೂರು ಕಿಲೋಮೀಟರ್ ಓಡಿಸಿ, ಬಿಸಿ ಎಂಜಿನ್ ಇರುವಾಗಲೇ ಡ್ರೈನ್ ಬೋಲ್ಟ್, ಫಿಲ್ಟರ್ ಮುಚ್ಚಳದ ಸುತ್ತ ಟಿಶ್ಯೂ ಪೇಪರ್ ಒತ್ತಿ ನೋಡುತ್ತೇನೆ. ಕಣ್ಣಿಗೆ ಕಾಣದ ಜಿನುಗು ಪೇಪರಿನಲ್ಲಿ ಕಾಣುತ್ತದೆ. ರಸ್ತೆಯಲ್ಲಿ ಒಂದು ಹನಿ ಎಣ್ಣೆ ನಿಮ್ಮ ಪಾರ್ಕಿಂಗ್ ಜಾಗವನ್ನು ಕೊಳೆ ಮಾಡುತ್ತದೆ ಅಷ್ಟೇ. ಟ್ರ್ಯಾಕಿನಲ್ಲಿ ಅದೇ ಹನಿ ನಿಮ್ಮ ಹಿಂದಿನ ಟಯರಿಗೂ, ಹಿಂದೆ ಬರುವವರ ಟಯರಿಗೂ ಬೀಳುತ್ತದೆ. ಆಯಿಲ್ ಮಟ್ಟ ಮೇಲಿನ ಗೆರೆಗೆ ಸ್ವಲ್ಪ ಕೆಳಗಿದ್ದರೆ ಸಾಕು, ಗೆರೆ ದಾಟಿಸಬೇಡಿ.

ಎರಡೂ ಆಕ್ಸಲ್, ಬ್ರೇಕ್ ಕ್ಯಾಲಿಪರ್, ಹ್ಯಾಂಡಲ್, ಫುಟ್‌ಪೆಗ್, ಹಿಂದಿನ ಸ್ಪ್ರಾಕೆಟ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಬಿಡಿ. ಪ್ರತಿ ಸೆಷನ್ (ಟ್ರ್ಯಾಕಿನಲ್ಲಿ ಓಡಿಸುವ ಒಂದೊಂದು ಸರದಿ) ಮುಗಿದಾಗ ಆ ಗೆರೆ ನೇರವಾಗಿದೆಯೇ ಎಂದು ನೋಡಿದರೆ ಸಾಕು. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ.

ಚೈನನ್ನು ಟ್ರ್ಯಾಕಿಗೆಂದು ಬಿಗಿ ಮಾಡುವ ಅಭ್ಯಾಸ ಎಷ್ಟೋ ಗ್ಯಾರೇಜುಗಳಲ್ಲಿದೆ. ಅದು ತಪ್ಪು. ಹಿಂದಿನ ಶಾಕ್ ಅಬ್ಸಾರ್ಬರ್ ಒತ್ತಿಕೊಂಡು ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಆಗ ಸಡಿಲ ಉಳಿದಿಲ್ಲವಾದರೆ ಶಾಕ್ ಮುಂದಕ್ಕೆ ಒತ್ತಿಕೊಳ್ಳುವುದೇ ಇಲ್ಲ, ತಿರುವಿನ ಮಧ್ಯೆ ಹಿಂಬದಿ ಜಾರುತ್ತದೆ, ಜೊತೆಗೆ ಗೇರ್‌ಬಾಕ್ಸ್ ಬೇರಿಂಗ್ ಸವೆಯುತ್ತದೆ. ಮ್ಯಾನ್ಯುಯಲ್ ಹೇಳಿದ ಸಡಿಲದ ಹೆಚ್ಚಿನ ತುದಿಗೆ ಇಡುವುದು ನನ್ನ ರೂಢಿ. ಇಡೀ ಚೈನಿನಲ್ಲಿ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲೇ ಅಳೆಯಿರಿ.

ಬ್ರೇಕ್

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ, ಬಾಟಲಿಯ ಮೇಲೆ ಬರೆದಿರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಅಂಕಿ 155ಕ್ಕೆ ಇಳಿಯುತ್ತದೆ. ಮೂರು ವರ್ಷ ಬದಲಿಸದ ಆಯಿಲ್ ಊರೊಳಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಟ್ರ್ಯಾಕಿನಲ್ಲಿ ಉದ್ದ ನೇರ ದಾರಿಯ ಕೊನೆಯಲ್ಲಿ ಸುತ್ತುಸುತ್ತಿಗೂ ಗಟ್ಟಿಯಾಗಿ ಹಿಡಿಯುವಾಗ ಅದು ಕುದ್ದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಲಿವರ್ ಮೆತ್ತಗಾಗಿ ಹ್ಯಾಂಡಲಿನವರೆಗೆ ಬರುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ. ನಾಲ್ಕೈದು ಸುತ್ತಾದ ಮೇಲೆ ಲಿವರ್ ಮೊದಲಿಗಿಂತ ಹತ್ತಿರ ಬರುತ್ತಿದೆ ಎನಿಸಿದ ಕೂಡಲೇ ಕೈ ಎತ್ತಿ ಪಿಟ್‌ಗೆ (ಟ್ರ್ಯಾಕಿನ ಪಕ್ಕ ಬೈಕ್ ನಿಲ್ಲಿಸುವ ಜಾಗಕ್ಕೆ) ಬಂದುಬಿಡಬೇಕು, ಇನ್ನೊಂದು ಸುತ್ತು ನೋಡೋಣ ಎನ್ನಬಾರದು.

ಆಯಿಲ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಸೀಲ್ ಒಡೆಯದ 250 ಮಿಲಿಲೀಟರ್ ಬಾಟಲಿ ಮುಂದಿನ ಬ್ರೇಕಿಗೆ ಸಾಕು. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ, ಏಕೆಂದರೆ ಈ ಆಯಿಲ್ ಬಿದ್ದ ಕಡೆ ಪೇಂಟ್ ಎದ್ದುಬರುತ್ತದೆ. ಕ್ಯಾಲಿಪರಿನ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಗೆ ಬಿಡಿ. ಲಿವರ್ ಒತ್ತಿ ಹಿಡಿಯಿರಿ, ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಪೈಪಿನಲ್ಲಿ ಕಂದು ಬಣ್ಣ ಹೋಗಿ ತಿಳಿ ಬಣ್ಣ ಬಂದು, ಗುಳ್ಳೆ ನಿಂತರೆ ಮುಗಿಯಿತು. ಡಾಟ್ 5.1 ಸಿಕ್ಕರೆ ಇನ್ನೂ ಒಳ್ಳೆಯದು, ಅದು ಡಾಟ್ 4ರ ಜೊತೆ ಹೊಂದುತ್ತದೆ. ಡಾಟ್ 5 ಬೇರೆಯೇ ಜಾತಿ, ಸಿಲಿಕೋನ್‌ನದು, ಹಾಕಲೇಬೇಡಿ. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು ಹಾಕಿಸಿ. ರಸ್ತೆಯಲ್ಲಿ ಎರಡು ಸಾವಿರ ಕಿಲೋಮೀಟರ್ ಬರಬೇಕಾದ ಪ್ಯಾಡ್ ಟ್ರ್ಯಾಕಿನಲ್ಲಿ ಒಂದೇ ದಿನಕ್ಕೆ ಮುಗಿಯಬಹುದು.

ಟಯರ್ ಮತ್ತು ಗಾಳಿ

ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಮೊದಲು ನೋಡಿ. 2323 ಎಂದಿದ್ದರೆ 2023ರ 23ನೇ ವಾರದಲ್ಲಿ ಮಾಡಿದ್ದು. ಟಯರಿನ ಮೇಲಿನ ಗೀರು (ಟ್ರೆಡ್) ಎಷ್ಟೇ ಉಳಿದಿದ್ದರೂ ಐದು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಅದರ ಮೇಲೆ ನಾನು ಟ್ರ್ಯಾಕಿಗೆ ಇಳಿಯುವುದಿಲ್ಲ. ಹೊಸ ಟಯರ್ ಹಾಕಿಸಿದರೆ ಹೋಗುವ ಮೊದಲು ನೂರಿನ್ನೂರು ಕಿಲೋಮೀಟರ್ ಓಡಿಸಿ ಮೇಲಿನ ನುಣುಪು ಹೋಗಲಿ. ಸ್ಲಿಕ್ (ಗೀರಿಲ್ಲದ ರೇಸ್ ಟಯರ್), ಟಯರ್ ವಾರ್ಮರ್ (ಟಯರ್ ಕಾಯಿಸುವ ಹೊದಿಕೆ) ಹೊಸಬರಿಗೆ ಬೇಕಿಲ್ಲ. ಚೆನ್ನೈ ಬಿಸಿಲಿಗೆ ರಸ್ತೆ ಟಯರ್ ಎರಡು ಸುತ್ತಿನಲ್ಲಿ ತಾನೇ ಕಾಯುತ್ತದೆ.

ಗಾಳಿಯ ವಿಷಯದಲ್ಲಿ ಎಲ್ಲರಿಗೂ ಗೊಂದಲ. ಟ್ರ್ಯಾಕಿನಲ್ಲಿ ಟಯರ್ ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ, ಅದಕ್ಕೇ ರಸ್ತೆಗಿಂತ ಕಡಿಮೆ ಹಾಕಿ ಹೊರಡುತ್ತೇವೆ. ಹಾಗೆಂದು ತೀರಾ ಕಡಿಮೆ ಹಾಕಿದರೆ ಟಯರಿನ ಮೈ ಹೆಚ್ಚು ಬಾಗಿ, ಹೆಚ್ಚು ಬಿಸಿಯಾಗಿ, ಒತ್ತಡ ವಿಪರೀತ ಏರುತ್ತದೆ. ಅಂದರೆ ಸೆಷನ್ ಮುಗಿದಾಗ ಒತ್ತಡ ತುಂಬ ಏರಿದ್ದರೆ, ಇಳಿಸಬೇಕು ಅಂತ ಅಲ್ಲ, ಶುರುವಿನಲ್ಲಿ ಹಾಕಿದ್ದೇ ಕಡಿಮೆಯಾಯಿತು ಅಂತ. ರಸ್ತೆ ಟಯರಿಗೆ ನಾನು ಇಟ್ಟುಕೊಂಡ ಅಂದಾಜು ಇದು: ಮುಂದಿನದು ಶೇ 10ರಷ್ಟು, ಹಿಂದಿನದು ಶೇ 15ರಿಂದ 20ರಷ್ಟು ಏರಬೇಕು. ಬೆಳಿಗ್ಗೆ ತಣ್ಣಗಿರುವಾಗ ಎರಡಕ್ಕೂ 30 ಪಿಎಸ್‌ಐ ಹಾಕಿ ಹೋಗಿ, ವಾಪಸ್ ಬಂದಾಗ ಮುಂದೆ 33, ಹಿಂದೆ 35 ತೋರಿಸಿದರೆ ಮುಟ್ಟಬೇಡಿ. ಹಿಂದೆ 38 ಬಂದರೆ ಮುಂದಿನ ಸಲ 32ರಿಂದ ಶುರು ಮಾಡಿ. 31 ಮಾತ್ರ ಬಂದರೆ ಒಂದು ಪಿಎಸ್‌ಐ ಇಳಿಸಬಹುದು; ಆದರೆ ಹೊಸಬರಲ್ಲಿ ಅದು ಹೆಚ್ಚಾಗಿ ನಿಧಾನ ಓಡಿಸಿದ್ದರ ಗುರುತು, ಟಯರಿನ ತಪ್ಪಲ್ಲ.

ಅಳತೆ ಪಿಟ್‌ಗೆ ಬಂದು ಹೆಲ್ಮೆಟ್ ತೆಗೆಯುವ ಮೊದಲೇ ಆಗಬೇಕು. ಐದು ನಿಮಿಷ ಕಳೆದರೆ ಆ ಅಂಕಿಗೆ ಅರ್ಥವಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಬೈಕಿನ ‘ತಣ್ಣನೆಯ’ ಅಳತೆಯೂ ಸುಳ್ಳು, ಬರಿ ಬಿಸಿಲಿಗೇ ಎರಡು ಮೂರು ಪಿಎಸ್‌ಐ ಏರಿರುತ್ತದೆ. ಗೇಜ್ ನಿಮ್ಮದೇ ಇರಲಿ, ದಿನವಿಡೀ ಅದೊಂದನ್ನೇ ಬಳಸಿ. ಬಂಕಿನ ಗೇಜಿಗೂ ಪಂಕ್ಚರ್ ಅಂಗಡಿಯ ಗೇಜಿಗೂ ಮೂರು ಪಿಎಸ್‌ಐ ವ್ಯತ್ಯಾಸ ಇರುವುದು ಸಾಮಾನ್ಯ. ಟಯರಿನ ಅಂಚನ್ನು ಕೈಯಿಂದ ಸವರಿ ನೋಡಿ: ಪೆನ್ಸಿಲ್ ಗೆರೆ ಅಳಿಸಿದಾಗ ಉದುರುವ ರಬ್ಬರಿನ ಚೂರುಗಳಂತೆ ಸಣ್ಣ ಸುರುಳಿ ಅಂಟಿಕೊಂಡಿದ್ದರೆ ಸರಿಯಾಗಿದೆ.

ಇನ್ನು ಬಿಚ್ಚುವ ಕೆಲಸ. ನಮ್ಮ ಬೈಕುಗಳಿಗಿರುವ ಸೀರೆ ಗಾರ್ಡ್, ಹಿಂದೆ ಕೂರುವವರ ಪಕ್ಕದ ಫುಟ್‌ರೆಸ್ಟ್, ಕಬ್ಬಿಣದ ಕ್ರ್ಯಾಶ್ ಗಾರ್ಡ್ ಎಲ್ಲವೂ ತೆಗೆಯಬೇಕು. ಬಿದ್ದ ಬೈಕ್ ಸುಮ್ಮನೆ ಜಾರಿಕೊಂಡು ಹೋದರೆ ನಷ್ಟ ಕಡಿಮೆ. ಗಾರ್ಡ್ ನೆಲಕ್ಕೆ ಕಚ್ಚಿಕೊಂಡರೆ ಬೈಕ್ ಪಲ್ಟಿ ಹೊಡೆಯುತ್ತದೆ. ಪ್ಲಾಸ್ಟಿಕ್ ಫ್ರೇಮ್ ಸ್ಲೈಡರ್ (ಬಿದ್ದಾಗ ಬೈಕಿನ ಮೈ ನೆಲಕ್ಕೆ ಉಜ್ಜದಂತೆ ಪಕ್ಕಕ್ಕೆ ಚಾಚಿರುವ ಗುಬುಟು) ಇರಲಿ. ಕನ್ನಡಿ, ನಂಬರ್ ಪ್ಲೇಟ್, ಮೊಬೈಲ್ ಹೋಲ್ಡರ್ ತೆಗೆಯಿರಿ. ಹೆಡ್‌ಲೈಟ್, ಇಂಡಿಕೇಟರ್ ಒಡೆದರೆ ಚೂರು ಚೆಲ್ಲದಂತೆ ಟೇಪ್ ಸುತ್ತಿ. ಬ್ರೇಕ್ ಲೈಟಿಗೆ ಮರೆಯದೆ ಸುತ್ತಿ, ಇಲ್ಲವಾದರೆ ಹಿಂದಿನವರು ತಮ್ಮ ಬ್ರೇಕ್ ಗುರುತು (ಬ್ರೇಕ್ ಹಿಡಿಯಲು ಗೊತ್ತುಮಾಡಿಕೊಂಡ ಜಾಗ) ಬಿಟ್ಟು ನಿಮ್ಮ ಕೆಂಪು ದೀಪ ನೋಡಿ ಬ್ರೇಕ್ ಹಿಡಿಯುತ್ತಾರೆ. ಮೊದಲು ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್, ಅದರ ಮೇಲೆ ಗಟ್ಟಿ ಟೇಪ್. ಗಟ್ಟಿ ಟೇಪನ್ನು ನೇರ ಅಂಟಿಸಿದರೆ ಬಿಸಿಲಿಗೆ ಗೋಂದು ಕರಗಿ ಕೂರುತ್ತದೆ. ಸ್ಪೀಡೋಮೀಟರಿಗೂ ಒಂದು ತುಂಡು ಹಾಕಿ. ಸೈಡ್ ಸ್ಟ್ಯಾಂಡನ್ನು ಕೇಬಲ್ ಟೈನಿಂದ ಕಟ್ಟಿದರೆ ಸಾಕು. ತೆಗೆದರೆ ಅದರ ಸ್ವಿಚ್‌ನಿಂದಾಗಿ ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್ ಆಗಬಹುದು. ಬೈಕ್ ನಿಲ್ಲಿಸಲು ಪ್ಯಾಡಾಕ್ ಸ್ಟ್ಯಾಂಡ್ (ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಬಿಡಿ ಸ್ಟ್ಯಾಂಡ್) ಒಯ್ಯಿರಿ.

ನೀರಿನಿಂದ ತಣಿಯುವ ಎಂಜಿನ್ ಆಗಿದ್ದರೆ ಕೂಲೆಂಟ್ ಬಗ್ಗೆ ಸಂಘಟಕರನ್ನು ಮೊದಲೇ ಕೇಳಿ. ಗ್ಲೈಕಾಲ್ ಇರುವ ಕೂಲೆಂಟ್ ಚೆಲ್ಲಿದರೆ ಜಾರುತ್ತದೆ, ನೀರಿನಂತೆ ಆರುವುದಿಲ್ಲ, ಅದಕ್ಕೇ ಕೆಲವು ಕಡೆ ಡಿಸ್ಟಿಲ್ಡ್ ವಾಟರ್ ಮಾತ್ರ ಒಪ್ಪುತ್ತಾರೆ.

ರೈಡಿಂಗ್ ಗೇರಿನಲ್ಲಿ ರಾಜಿ ಇಲ್ಲ. ಒಂದೇ ತುಂಡಿನ ಲೆದರ್ ಸೂಟ್, ಅಥವಾ ಸೊಂಟದ ಸುತ್ತ ಪೂರ್ತಿ ಜಿಪ್ ಕೂಡುವ ಎರಡು ತುಂಡಿನದು. ಬಾಡಿಗೆಗೆ ಸಿಗುತ್ತದೆ, ಮೊದಲ ಸಲಕ್ಕೆ ಬಾಡಿಗೆಯದೇ ವಾಸಿ. ನಿಂತಾಗ ಸ್ವಲ್ಪ ಎಳೆಯಬೇಕು, ಬೈಕಿನ ಮೇಲೆ ಬಗ್ಗಿದಾಗ ಮೊಣಕೈ, ಮೊಣಕಾಲಿನ ಪ್ಯಾಡ್ ಸರಿಯಾಗಿ ಗಂಟಿನ ಮೇಲೆ ಕೂರಬೇಕು. ಒಳಗೆ ಬೆನ್ನಿಗೆ ಸಿಇ ಲೆವೆಲ್ 2 (ಯುರೋಪಿನ ಸುರಕ್ಷತಾ ಮಾನದಂಡದ ಹೆಚ್ಚಿನ ದರ್ಜೆ) ಪ್ರೊಟೆಕ್ಟರ್. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಡಬಲ್ ಡಿ-ರಿಂಗ್ ಪಟ್ಟಿಯದು (ಎರಡು ಲೋಹದ ಉಂಗುರದೊಳಗೆ ಪಟ್ಟಿ ತೂರಿಸಿ ಬಿಗಿಯುವಂಥದ್ದು). ಗ್ಲೌಸಿನ ಮಣಿಕಟ್ಟಿನ ಪಟ್ಟಿ ಹಾಕಿ, ಬೆರಳ ತುದಿ ಹಿಡಿದು ಬೇರೆಯವರಿಂದ ಎಳೆಸಿ. ಕೈಯಿಂದ ಬಂದುಬಿಟ್ಟರೆ ಅದು ಬಿದ್ದಾಗಲೂ ಬರುತ್ತದೆ.

ಬೈಕನ್ನು ಟಾಟಾ ಏಸ್ ಅಥವಾ ಪಿಕಪ್‌ನಲ್ಲಿ ಕಳಿಸಿ. ಮುನ್ನೂರು ಕಿಲೋಮೀಟರ್ ಓಡಿಸಿಕೊಂಡು ಹೋಗಿ ದಣಿದ ಮೈಯಲ್ಲಿ ಟ್ರ್ಯಾಕಿಗೆ ಇಳಿಯುವುದು, ಆಮೇಲೆ ಅದೇ ಬೈಕಿನಲ್ಲಿ ರಾತ್ರಿ ಹೆದ್ದಾರಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಮುಂದಿನ ಎರಡು ರಾಚೆಟ್ ಪಟ್ಟಿಗಳನ್ನು ಹ್ಯಾಂಡಲಿನ ತುದಿಗೆ ಕಟ್ಟದೆ ಫೋರ್ಕ್ ಹಿಡಿದಿರುವ ಕೆಳಗಿನ ಕ್ಲ್ಯಾಂಪಿಗೆ ಕಟ್ಟಿ, ಫೋರ್ಕ್ ಅರ್ಧ ಒತ್ತುವಷ್ಟು ಎಳೆಯಿರಿ. ಇನ್ನೊಂದು ವಿಷಯ: ನಮ್ಮಲ್ಲಿನ ಸಾಮಾನ್ಯ ವಾಹನ ವಿಮೆ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಬಳಕೆಯನ್ನು ಹೊರಗಿಡುತ್ತದೆ. ಟ್ರ್ಯಾಕಿನಲ್ಲಿ ಬಿದ್ದ ಖರ್ಚು ನಿಮ್ಮ ಜೇಬಿನಿಂದಲೇ ಎಂದು ತಿಳಿದೇ ಹೋಗಿ. ಒಂದೊಂದು ಬ್ರೇಕ್ ಲಿವರ್, ಕ್ಲಚ್ ಲಿವರ್, ಗೇರ್ ಲಿವರ್ ಜೊತೆಗಿಟ್ಟುಕೊಳ್ಳಿ. ನಿಧಾನಕ್ಕೆ ಬಿದ್ದಾಗ ಮುರಿಯುವುದು ಇವೇ.

ಪೆಟ್ರೋಲ್ ಲೆಕ್ಕ ಹೀಗೆ. ಹೊಸಬರಿಗೆ ಒಂದು ಸುತ್ತಿಗೆ ಎರಡೂವರೆ ನಿಮಿಷ ಹಿಡಿದರೆ 15 ನಿಮಿಷದ ಸೆಷನ್‌ಗೆ ಆರು ಸುತ್ತು, ಅಂದರೆ 22 ಕಿಲೋಮೀಟರ್. ಆರು ಸೆಷನ್‌ಗೆ ಸುಮಾರು 130. ಮೈಲೇಜ್ ರಸ್ತೆಯ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಹತ್ತು ಲೀಟರ್ ಬೇಕು. ಲೋಹದ ಕ್ಯಾನ್ ಒಯ್ಯಿರಿ, ಪ್ಲಾಸ್ಟಿಕ್ ಬಾಟಲಿಗೆ ಬಂಕಿನವರು ಹಾಕುವುದಿಲ್ಲ.

ಲೆದರ್ ಒಳಗಿನ ಸೆಕೆಗೆ ಹಿಂದಿನ ದಿನದಿಂದಲೇ ನೀರು ಕುಡಿಯಬೇಕು. ಪ್ರತಿ ಸೆಷನ್ ಆದ ಮೇಲೆ ಸೂಟನ್ನು ಸೊಂಟದವರೆಗೆ ಬಿಚ್ಚಿ, ನೆರಳಲ್ಲಿ ಕೂತು ಅರ್ಧ ಲೀಟರ್ ಓಆರ್‌ಎಸ್ ನೀರು ಕುಡಿಯಿರಿ. ಮಧ್ಯಾಹ್ನ ಮೊಸರನ್ನ, ಬಾಳೆಹಣ್ಣು ಸಾಕು, ಬಿರಿಯಾನಿ ಸಂಜೆಗಿರಲಿ. ತಲೆನೋವು ಶುರುವಾದರೆ, ಅಥವಾ ಅದೇ ತಿರುವಿನಲ್ಲಿ ಎರಡು ಸಲ ಬ್ರೇಕ್ ಗುರುತು ತಪ್ಪಿದರೆ ಆ ಸೆಷನ್ ಅಲ್ಲಿಗೇ ಬಿಡಿ. ದಿನದ ಕೊನೆಯ ಸೆಷನ್‌ನಲ್ಲಿ ದಣಿವು ಕಾಣಿಸುವುದಿಲ್ಲ, ಉತ್ಸಾಹ ಮಾತ್ರ ಕಾಣಿಸುತ್ತದೆ.

ಟ್ರ್ಯಾಕಿಗೆ ಇಳಿದ ಮೇಲೆ ಮೊದಲ ಸೆಷನ್ ಪೂರ್ತಿ ಒಂದೇ ಗೇರಿನಲ್ಲಿ, ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ. ಗೇರ್, ಬ್ರೇಕ್‌ನ ಯೋಚನೆ ಇಲ್ಲದಾಗ ಕಣ್ಣು ಮುಂದೆ ಹೋಗುತ್ತದೆ, ಎಲ್ಲಿ ತಿರುಗಬೇಕು, ಎಲ್ಲಿ ಒಳ ಅಂಚು ಮುಟ್ಟಬೇಕು ಎಂಬುದು ತಲೆಯಲ್ಲಿ ಕೂರುತ್ತದೆ. ಮುಂಗೈ ಸೆಟೆದುಕೊಂಡರೆ ಹ್ಯಾಂಡಲಿಗೆ ಜೋತು ಬಿದ್ದಿದ್ದೀರಿ ಎಂದರ್ಥ. ಬ್ರೇಕ್ ಹಿಡಿಯುವಾಗ ತೊಡೆಯಿಂದ ಟ್ಯಾಂಕ್ ಅಪ್ಪಿ ಹಿಡಿಯಿರಿ. ಹಿಂದೆ ತಿರುಗಿ ನೋಡಬೇಡಿ, ದಾರಿ ಬಿಡಲೆಂದು ಪಕ್ಕಕ್ಕೂ ಸರಿಯಬೇಡಿ. ನಿಮ್ಮ ಗೆರೆಯಲ್ಲೇ ಹೋಗಿ, ಸುರಕ್ಷಿತವಾಗಿ ದಾಟುವ ಹೊಣೆ ಹಿಂದಿನವರದು. ತಿರುವಿನಲ್ಲಿ ವೇಗ ಹೆಚ್ಚಾಯಿತು ಎನಿಸಿದಾಗ ಥ್ರಾಟಲ್ ಪಟ್ಟನೆ ಮುಚ್ಚುವುದು ಎಲ್ಲ ಹೊಸಬರ ಸಹಜ ಪ್ರತಿಕ್ರಿಯೆ. ಆಗ ಭಾರವೆಲ್ಲ ಮುಂದಿನ ಟಯರಿಗೆ ಬಂದು ಅದು ಜಾರಬಹುದು. ಥ್ರಾಟಲ್ ಇದ್ದಲ್ಲೇ ಇಟ್ಟು, ತಿರುವಿನ ಕೊನೆಯನ್ನು ನೋಡುತ್ತ ಇನ್ನಷ್ಟು ಬಾಗಿಸಿ. ರಸ್ತೆ ಟಯರಿಗೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಹಿಡಿತವಿದೆ. ಆದರೂ ಹೊರಗೆ ಹೋದರೆ ಬೈಕ್ ನೆಟ್ಟಗೆ ಮಾಡಿ, ಮುಂದಿನ ಬ್ರೇಕ್ ಬಿಟ್ಟು, ಮಣ್ಣಿನಲ್ಲಿ ನೇರವಾಗಿ ನಿಧಾನಿಸಿ. ಹಳದಿ ಬಾವುಟ ಕಂಡರೆ ಯಾರನ್ನೂ ದಾಟಬಾರದು. ಹಳದಿ-ಕೆಂಪು ಪಟ್ಟೆಯದು ಎಂದರೆ ಮುಂದೆ ಜಾರುವ ನೆಲ. ಕೆಂಪು ಎಂದರೆ ವೇಗ ತಗ್ಗಿಸಿ, ಎಲ್ಲರೂ ಪಿಟ್‌ಗೆ.

ಮನೆಗೆ ಬಂದ ಮೇಲೆ ಎರಡು ಕೆಲಸ ಮರುದಿನಕ್ಕೆ ಮುಂದೂಡಬೇಡಿ. ಡಿಸ್ಟಿಲ್ಡ್ ವಾಟರ್ ಹಾಕಿದ್ದರೆ ಅದನ್ನು ಬಸಿದು ಕೂಲೆಂಟ್ ತುಂಬಿ, ಇಲ್ಲವಾದರೆ ಒಳಗೆ ತುಕ್ಕು ಹಿಡಿಯುತ್ತದೆ. ಟಯರಿಗೆ ಮ್ಯಾನ್ಯುಯಲ್ ಹೇಳುವ ರಸ್ತೆ ಒತ್ತಡಕ್ಕೆ ಗಾಳಿ ಹಾಕಿ, ಕನ್ನಡಿ, ನಂಬರ್ ಪ್ಲೇಟ್, ಸೀರೆ ಗಾರ್ಡ್ ಕೂಡಿಸಿ, ಬ್ರೇಕ್ ಲೈಟಿನ ಟೇಪ್ ಕಿತ್ತು, ಲಿವರ್ ಒತ್ತಿ ದೀಪ ಹತ್ತುತ್ತದೆಯೇ ನೋಡಿ ಆಮೇಲೆ ರಸ್ತೆಗೆ ತನ್ನಿ.